ಬೇಕರಿ ಗೋಡೆಯ ಇರುವೆ

ಅಪ್ಪನ ತಂಗಿ, ನಮ್ಮ ಅತ್ತೆಯನ್ನು ಜನ ಹೊಗಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಬೈದರೆ ಅಷ್ಟು ಉರಿಯುವುದಿಲ್ಲ. "ಎಂಥ ಮಗಳು! ಇಂಥ ಮಗಳನ್ನ ಪಡೆಯೋಕೆ ಪುಣ್ಯ ಮಾಡಿರಬೇಕು" ಎಂದು ಮನೆಗೆ ಬಂದವರೆಲ್ಲ ಹೇಳುತ್ತಿದ್ದರು. ಹಾಗೆ ಹೇಳಿ, ಅವಳು ತಂದುಕೊಟ್ಟ ಕಾಫಿ ಕುಡಿದು, ಅವಳು ಬರೆದ ಬೋರ್ಡನ್ನು ನೋಡಿ, ಅಜ್ಜನ ಕಡೆ ತಿರುಗಿ, "ಈ ವಯಸ್ಸಲ್ಲೂ ಏನು ಕೈ ಸ್ವಾಮಿ ನಿಮ್ಮದು!" ಎನ್ನುತ್ತಿದ್ದರು. ಅಜ್ಜ ತಲೆದೂಗುತ್ತಿದ್ದ. ಅತ್ತೆ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಅದು ಅಜ್ಜನ ಕೈಯಾಗಿರಲಿಲ್ಲ. ಇದನ್ನು ನಿಧಾನವಾಗಿ, ಸರಿಯಾಗಿ ಹೇಳಬೇಕು. ಏಕೆಂದರೆ ನಮ್ಮ ಮನೆಯಲ್ಲಿ ಇದನ್ನು ಯಾರೂ ಸರಿಯಾಗಿ ಹೇಳಿರಲಿಲ್ಲ.

ಅಜ್ಜ ಅಂಗಡಿಗಳ ಬೋರ್ಡು ಬರೆಯುವವನು. ಮುಖ್ಯ ರಸ್ತೆಯ ಹಳೆಯ ಬೋರ್ಡುಗಳ ಬಲಗಡೆ ಕೆಳಮೂಲೆಯಲ್ಲಿ ಈಗಲೂ ಒಂದು ಸಣ್ಣ ಮೀನು ಕಾಣುತ್ತದೆ. ಎರಡೇ ಎಳೆತದ ಮೀನು. ಮೇಲಿನಿಂದ ಒಂದು ಗೆರೆ, ಕೆಳಗಿನಿಂದ ಒಂದು ಗೆರೆ, ಬಾಲದ ಹತ್ತಿರ ಎರಡೂ ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. ಅದು ಅಜ್ಜನ ಗುರುತು. ಊರಿನವರು ಅವನನ್ನು ಮೀನು ಪೇಂಟರ್ ಎಂದೇ ಕರೆಯುತ್ತಾರೆ. ಬೇಕರಿಯ ಹಳೆಯ ಯಜಮಾನ ಒಮ್ಮೆ ಜಗಳಕ್ಕೆ ಬಂದಿದ್ದನಂತೆ. "ಬ್ರೆಡ್ಡು ಮಾರೋ ಅಂಗಡಿಗೆ ಮೀನು ಯಾಕಯ್ಯ ಅಂಟಿಸಿದೆ?" ಅಂದನಂತೆ. "ಬಾಯಿ ಮುಚ್ಚಿರೋ ಮೀನು ಸ್ವಾಮಿ ಅದು, ನಿಮ್ಮ ಬ್ರೆಡ್ಡು ತಿನ್ನಲ್ಲ" ಅಂದನಂತೆ ಅಜ್ಜ. ಆ ಯಜಮಾನ ತೀರಿಕೊಂಡ ಮೇಲೆ ಅವನ ಮಗಳು, ನಾವೆಲ್ಲ ಬೇಕರಿ ಅಕ್ಕ ಎನ್ನುವವಳು, ಅಂಗಡಿ ನಡೆಸುತ್ತಿದ್ದಾಳೆ. ಮೀನು ಹಾಗೇ ಇದೆ.

ಅಜ್ಜ ಅತ್ತೆಗೆ ಕುಂಚ ತೊಳೆಯುವುದನ್ನು ಕಲಿಸಿದ, ಅಷ್ಟೆ. ಏಣಿ ಮುಟ್ಟಲು ಬಿಡಲಿಲ್ಲ. "ಹೆಣ್ಣುಮಗಳು ಏಣಿ ಹತ್ತಿದರೆ ಕೆಳಗಿರೋರು ಬೋರ್ಡ್ ನೋಡಲ್ಲ" ಎಂಬುದು ಅವನ ವಾದ. ಅತ್ತೆ ಜಗಳವಾಡಿಕೊಂಡು ಬೇರೆ ಊರಿಗೆ ಹೋಗಿ, ಸಿನಿಮಾ ಹೋರ್ಡಿಂಗ್ ಬರೆಯುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಏಣಿ ಸಾಲುವುದಿಲ್ಲ. ಮರದ ಕಂಬಗಳನ್ನು ಹಗ್ಗದಿಂದ ಬಿಗಿದು ಸಾರುವೆ ಕಟ್ಟಿ, ಅದರ ಮೇಲೆ ನಿಂತು ಬರೆಯಬೇಕು. ಹೋರ್ಡಿಂಗಿನ ನಟನ ಒಂದು ಕಣ್ಣೇ ಇವಳ ಎತ್ತರ. ಹತ್ತಿರ ನಿಂತು ಬರೆಯುವಾಗ ಅದು ಕಣ್ಣೆಂದು ಗೊತ್ತಾಗುವುದಿಲ್ಲವಂತೆ, ಬರೀ ಕಂದು ಬಣ್ಣದ ಕೆರೆ. ಕೆಳಗಿಳಿದು, ರಸ್ತೆ ದಾಟಿ, ತಿರುಗಿ ನೋಡಿದಾಗಲೇ ಅದು ತನ್ನನ್ನು ನೋಡುತ್ತಿದೆ ಎಂದು ತಿಳಿಯುವುದು. ಇದನ್ನು ಹೇಳುವಾಗ ಅತ್ತೆಯ ಎರಡೂ ತೋಳು ತಾವಾಗಿ ಅಗಲವಾಗುತ್ತವೆ.

ಆ ಶೆಡ್ಡಿನಲ್ಲಿ ಬರೆದವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಆದ್ದರಿಂದ ಒಬ್ಬೊಬ್ಬರೂ ಯಜಮಾನನ ಕಣ್ಣು ತಪ್ಪಿಸಿ ಒಂದು ಗುರುತು ಬಚ್ಚಿಡುತ್ತಿದ್ದರು. ಅತ್ತೆಯದು ಇರುವೆ. ಮೂರು ಚುಕ್ಕೆ, ಆರು ಕಾಲು. ನಾಯಕನ ಕಾಲರಿನ ಮೇಲೋ ಖಳನಾಯಕನ ಮೀಸೆಯ ತುದಿಯಲ್ಲೋ ಒಂದು ಇರುವೆ ಇರುತ್ತಿತ್ತು. ಹುಡುಕಿದವರಿಗೆ ಮಾತ್ರ ಕಾಣುವಷ್ಟು ಸಣ್ಣದು.

ಅಜ್ಜನಿಗೆ ನಡುಕದ ಕಾಯಿಲೆ ಬಂದಾಗ ಅಜ್ಜಿ ಆಗಲೇ ಇರಲಿಲ್ಲ.  ಅಪ್ಪ ಅತ್ತೆಗೆ ಫೋನ್ ಮಾಡಿ, "ಎರಡು ತಿಂಗಳು ಇದ್ದು ಹೋಗು ತಂಗಿ, ಔಷಧಿ ಹಿಡಿಯೋ ತನಕ" ಎಂದ. ಅಪ್ಪನಿಗೆ ಆಫೀಸಿತ್ತು. ಅಮ್ಮನಿಗೆ ಆಫೀಸಿತ್ತು. ಅತ್ತೆಗೆ ಇದ್ದದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ. "ಅವಳು ಚಿತ್ರ ಬರೀತಾಳೆ. ಅದನ್ನ ಎಲ್ಲಿ ಕೂತು ಬೇಕಾದರೂ ಬರೀಬಹುದಲ್ಲ" ಎಂದು ತೀರ್ಮಾನವಾಯಿತು. ತನ್ನಷ್ಟೇ ಎತ್ತರದ ಕಣ್ಣು ಬರೆಯುತ್ತಿದ್ದವಳಿಗೆ ಅಡುಗೆಮನೆಯ ಪಕ್ಕದ ಕೋಣೆಯನ್ನು ಕೊಟ್ಟರು. ಅಲ್ಲಿ ಎರಡೂ ತೋಳು ಚಾಚಿದರೆ ಬೆರಳು ಗೋಡೆಗೆ ತಾಗುತ್ತದೆ. ಆ ಎರಡು ತಿಂಗಳು ಇವತ್ತಿಗೂ ಮುಗಿದಿಲ್ಲ.

ಓದು ನಿಲ್ಲಿಸಿದ ಮೇಲೆ ನಾನು ಹಗಲೆಲ್ಲ ಮನೆಯಲ್ಲೇ ಇರುವುದರಿಂದ ನೋಡಿದ್ದೇನೆ. ಬೆಳಗ್ಗೆ ಎದ್ದು ಅಜ್ಜನ ಹಾಸಿಗೆ ಬಟ್ಟೆ ಬದಲಾಯಿಸುವುದು, ಸ್ನಾನ, ಗಡ್ಡ, ಅಂಗಿಯ ಗುಂಡಿ, ಮಾತ್ರೆ, ತಿಂಡಿ. ಅವನು ತುತ್ತು ಬಾಯಿಗೆ ಹಾಕಿಸಿಕೊಳ್ಳುವವನಲ್ಲ. "ನಾನೇನು ಕೂಸಾ?" ಎಂದು ತಟ್ಟೆ ದೂಡುತ್ತಿದ್ದ. ಅದಕ್ಕೆ ಅತ್ತೆ ಒಂದು ಉಪಾಯ ಮಾಡಿದಳು. ಚಮಚವನ್ನು ಅವನ ಮುಷ್ಟಿಯಲ್ಲೇ ಇಟ್ಟು, ಆ ಮುಷ್ಟಿಯ ಮೇಲೆ ತನ್ನ ಕೈಯಿಟ್ಟು ಹಿಡಿದಳು. ಚಮಚ ಅವನ ಕೈಯಲ್ಲೇ ಇದೆ, ಅವನೇ ತಿನ್ನುತ್ತಿದ್ದಾನೆ. ಅಜ್ಜನ ಮರ್ಯಾದೆ ಉಳಿಯಿತು, ಅನ್ನ ಹೊಟ್ಟೆಗೆ ಹೋಯಿತು.

ಒಂದು ದಿನ ಅದೇ ಉಪಾಯವನ್ನು ಅವಳು ಕುಂಚಕ್ಕೆ ಮಾಡಿದಳು. ಯಾವುದೋ ಸೈಕಲ್ ಅಂಗಡಿಯ ಬೋರ್ಡು ಅರ್ಧಕ್ಕೆ ನಿಂತು ಗೋಡೆಗೆ ಒರಗಿತ್ತು. ಅಜ್ಜ ಅದರ ಮುಂದೆ ಕೂತು, ಕುಂಚ ಹಿಡಿದು, ಹಿಡಿದಷ್ಟೂ ಜೋರಾಗಿ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹೊಡೆಯುತ್ತಿದ್ದ. ಅತ್ತೆ ಕುರ್ಚಿಯ ಹಿಂದೆ ಬಂದು ನಿಂತಳು. ಎಡಗೈ ಅವನ ಮೊಣಕೈ ಕೆಳಗೆ, ಬಲಗೈ ಅವನ ಮುಷ್ಟಿಯ ಮೇಲೆ. ನಡುಕಕ್ಕೂ ಅಲೆಯಂತೆ ಏರಿಳಿತ ಇರುತ್ತದಂತೆ. ಏರುವಾಗ ಕಾದು, ಇಳಿಯುವಾಗ ಗೆರೆ ಎಳೆಯಬೇಕು. ಉಸಿರು ಹಿಡಿದು ಎಳೆ, ನಿಲ್ಲು, ಕಾಯಿ, ಮತ್ತೆ ಎಳೆ. ಆ ಬೋರ್ಡು ಮುಗಿಯಿತು. ಕೊನೆಗೆ ಮೂಲೆಯಲ್ಲಿ ಮೀನು. ಅಜ್ಜ ಆವತ್ತು ಮಗುವಿನ ಹಾಗೆ ನಕ್ಕನಂತೆ. ಅವಳಿಗೂ ಸಂತೋಷವಾಯಿತಂತೆ. ಅಲ್ಲೇ ತಪ್ಪಾಯಿತು.

ಮೊದಮೊದಲು ಅಜ್ಜನ ಕೈ ಎಳೆಯುತ್ತಿತ್ತು, ಅತ್ತೆಯ ಕೈ ಸುಮ್ಮನೆ ಜೊತೆಗಿತ್ತು. ಬರುಬರುತ್ತಾ ಎಳೆಯುವುದು ಅತ್ತೆಯ ಕೈಯಾಯಿತು, ಅಜ್ಜನ ಮುಷ್ಟಿ ಅದರೊಳಗೆ ಕೂತು ಸವಾರಿ ಹೋಗತೊಡಗಿತು. ಆದರೆ ಕುಂಚದ ಹಿಡಿ ತಾಗುವುದು ಅವನ ಬೆರಳಿಗೆ. ಬಣ್ಣ ಮೆತ್ತುವುದು ಅವನ ಬೆರಳಿಗೆ. ಬರೆಯುತ್ತಿರುವವನು ತಾನೇ ಎಂದು ಅವನು ನಂಬಿಬಿಟ್ಟ.

ಅತ್ತೆಗೆ ಜ್ವರ ಬಂದು ಮಲಗಿದ್ದಾಗ ಅವನು ಒಬ್ಬನೇ ಒಂದು ಬೋರ್ಡಿನ ಮುಂದೆ ಕೂತಿದ್ದ. ಗೆರೆಯೆಲ್ಲ ಕೋಳಿ ಕೆದರಿದ ಹಾಗಾಯಿತು. ಅವನು ಕುಂಚವನ್ನು ಬೆಳಕಿಗೆ ಹಿಡಿದು ನೋಡಿ, "ಕೂದಲು ಸತ್ತಿದೆ ಇದರದ್ದು. ನಕಲಿ ಮಾಲು" ಎಂದ. ಅಪ್ಪ ಸಂಜೆ ಹೋಗಿ ಹೊಸ ಕುಂಚಗಳನ್ನು ತಂದ! ಒಂದು ಮಾತು ಆಡಲಿಲ್ಲ. ಅಮ್ಮ ಆಡಲಿಲ್ಲ. ಜ್ವರ ಬಿಟ್ಟ ಮೇಲೆ ಅತ್ತೆ ಬಂದು ಕೈ ಹಿಡಿದಳು, ಬೋರ್ಡು ನೇರವಾಯಿತು. ಅಜ್ಜ, "ನೋಡಿದ್ರಾ? ಕುಂಚ ಒಳ್ಳೇದಿದ್ದರೆ ಸಾಕು" ಎಂದ. ಅತ್ತೆಯೂ ಆಡಲಿಲ್ಲ. ನಾನೂ.

ಅವಳ ಸ್ವಂತದ್ದು ಒಂದೇ ಇತ್ತು. ಒಗೆದ ಬಟ್ಟೆ ಒಣಗಿಸಲು ತಾರಸಿಗೆ ಹೋದಾಗ ಅವಳು ನೆಲ ಒರೆಸುವ ಕೋಲನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಬಿಸಿ ಸಿಮೆಂಟಿನ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆಯುತ್ತಿದ್ದಳು. ಮುಖ, ಕುತ್ತಿಗೆ, ಕೈ. ಓಡಾಡಿಕೊಂಡು ಬರೆಯಬೇಕಾದಷ್ಟು ದೊಡ್ಡವು. ಒಮ್ಮೆ ನಾನು ಮೇಲೆ ಹೋದಾಗ ತಾರಸಿಯ ತುಂಬ ಒಂದು ಅಂಗೈ ಇತ್ತು. ಕಿರುಬೆರಳು ಬರೆಯುವಷ್ಟರಲ್ಲಿ ಹೆಬ್ಬೆರಳು ಒಣಗಿ ಮಾಯವಾಗುತ್ತಿತ್ತು. ಕೆಳಗಿನಿಂದ ಅಜ್ಜ ಸ್ಟೀಲ್ ಲೋಟವನ್ನು ಮಂಚಕ್ಕೆ ಬಡಿದ. ಅದು ಅವನ ಕರೆಗಂಟೆ. ಅತ್ತೆ ಕೋಲು ಒರಗಿಸಿ, "ಬಂದೇ, ಬಂದೇ, ಮಂಚ ಮುರೀಬೇಡ" ಎನ್ನುತ್ತ ಇಳಿದಳು.

ಆಮೇಲೆ ವರ್ತಕರ ಸಂಘದ ಕಾರ್ಯದರ್ಶಿ ಬಂದ. ತನ್ನ ಅಂಗಡಿಗೆ ಬೋರ್ಡು ಬರೆಸಲು ಬಂದವನು ಅಜ್ಜ ಬರೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡ. ಅದರಲ್ಲಿ ಅಜ್ಜನ ಮುಖ ಇದೆ, ಬೋರ್ಡಿದೆ, ಕೈಗಳಿವೆ. ಅತ್ತೆ ಇರುವುದು ಮಣಿಕಟ್ಟಿನವರೆಗೆ ಮಾತ್ರ. "ನಡುಗುವ ಕೈ, ನಡುಗದ ಕಲೆ" ಎಂದು ಕೆಳಗೆ ಬರೆದು ಊರಿಗೆಲ್ಲ ಕಳಿಸಿದ. ಪ್ಲಾಸ್ಟಿಕ್ ಬೋರ್ಡು ಹಾಕಿಸಿದ್ದ ಅಂಗಡಿಯವರೆಲ್ಲ ಈಗ ಕೈಬರಹದ ಬೋರ್ಡೇ ಬೇಕು, ಮೀನಿರುವ ಬೋರ್ಡೇ ಬೇಕು ಎಂದು ಬಾಗಿಲಿಗೆ ಬಂದರು. ಅಪ್ಪ ಎಲ್ಲರಿಗೂ ಹೂಂ ಎಂದ. ಬರೆಯುವವಳನ್ನು ಕೇಳಲಿಲ್ಲ.

ಒಂದು ಸಂಜೆ ಅತ್ತೆ ಅಜ್ಜನ ಕಾಲಿಗೆ ಎಣ್ಣೆ ಹಚ್ಚುತ್ತಾ, ತಲೆಯೆತ್ತದೆ, ಪಕ್ಕದಲ್ಲಿ ಕೂತಿದ್ದ ಅಪ್ಪನನ್ನು ಕೇಳಿದಳು.

"ಅಣ್ಣ, ಇನ್ನು ಮುಂದೆ ಬೋರ್ಡಿನ ಒಂದು ಮೂಲೇಲಿ ಮೀನಿರಲಿ. ಇನ್ನೊಂದು ಮೂಲೇಲಿ ನನ್ನ ಇರುವೇನೂ ಹಾಕ್ತೀನಿ."

ಅಪ್ಪ ನಕ್ಕ. "ಮೀನಿನ ಪಕ್ಕ ಇರುವೇನಾ? ಜನ ಕೊಳೆತ ಮೀನು ಅಂದ್ಕೋತಾರೆ."

"ತಮಾಷೆ ಮಾಡ್ತಿಲ್ಲ ನಾನು."

"ಇರುವೆಗೆ ರೆಕ್ಕೆ ಬಂತು ಅಂದರೆ ಅದರ ಕಾಲ ಮುಗೀತು ಅಂತಾರೆ ತಂಗಿ. ಸುಮ್ಮನಿರು. ಜನ ಬರ್ತಿರೋದು ಅಪ್ಪನ ಹೆಸರಿಗೆ."

ಅವಳು ಅಜ್ಜನ ಮುಖ ನೋಡಿದಳು. ಅಜ್ಜ ಕಣ್ಣು ಮುಚ್ಚಿ, "ಇನ್ನೊಂದು ಕಾಲು" ಎಂದ.

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಎಂಬ ಗಾದೆ ಎಲ್ಲರಿಗೂ ಗೊತ್ತು. ಆ ಹಾವಿಗೆ ಗೆದ್ದಲೇ ದಿನಾ ಸ್ನಾನ ಮಾಡಿಸಿ, ಊಟ ಮಾಡಿಸಿ, ಕಾಲೊತ್ತಬೇಕು ಎಂದು ಗಾದೆ ಹೇಳುವುದಿಲ್ಲ.

ಅದೇ ವಾರ ಬೇಕರಿ ಅಕ್ಕ ಮನೆಗೆ ಬಂದಳು. ಬೇಕರಿಯ ಪಕ್ಕದ ಹಳೆಯ ಕಟ್ಟಡ ಕೆಡವಿದ್ದರಿಂದ ಅವಳ ಅಂಗಡಿಯ ಉದ್ದನೆಯ ಪಕ್ಕಗೋಡೆ ಮೊದಲ ಸಲ ಬಯಲಿಗೆ ಬಿದ್ದಿತ್ತು. ಅದರ ಮೇಲೆ ಚಿತ್ರ ಬೇಕಿತ್ತು ಅವಳಿಗೆ. ಮೀನಿನ ಬೋರ್ಡಲ್ಲ, ಅತ್ತೆಯ ಚಿತ್ರ. ಚಿಕ್ಕವಳಿದ್ದಾಗ ಆ ಇನ್ನೊಂದು ಊರಿಗೆ ಹೋಗಿ ಅತ್ತೆಯ ಹೋರ್ಡಿಂಗುಗಳನ್ನು ಬಾಯಿ ಬಿಟ್ಟು ನೋಡಿದವಳು ಅವಳು.

"ಏನು ಬೇಕಾದರೂ ಬರೀರಿ ಅಕ್ಕಾ. ಹೂವಿನ ಕುಂಡ ಮಾತ್ರ ಬೇಡ, ಎಲ್ಲರೂ ಅದನ್ನೇ ಬರೀತಾರೆ."

ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಆಮೇಲೆ, "ನಿನ್ನ ಕೈ ತೋರಿಸು" ಎಂದಳು. ಬೇಕರಿ ಅಕ್ಕನ ಮಣಿಕಟ್ಟುಗಳ ಮೇಲೆ ಬಿಸಿ ತಟ್ಟೆಯ ಅಂಚು ತಾಗಿದ ಕಂದು ಗೆರೆಗಳಿದ್ದವು, ಒಂದರ ಮೇಲೊಂದು. "ಇದನ್ನೇ. ಹಿಟ್ಟು ನಾದುತ್ತಿರೋ ಎರಡು ಕೈ. ಗೋಡೆ ತುಂಬ. ನೆಲದಿಂದ ಸೂರಿನ ತನಕ" ಎಂದಳು. ಆ ರಾತ್ರಿ ಊಟಕ್ಕೆ ಕೂತಾಗ ಅವಳ ಬೆರಳು ತಟ್ಟೆಯ ಪಕ್ಕದಲ್ಲಿ ಗೆರೆ ಎಳೆಯುತ್ತಲೇ ಇತ್ತು. ಸಾರುವೆ ಕಟ್ಟುವವರನ್ನು ತಾನೇ ಕರೆಸುತ್ತೇನೆ ಎಂದು ಹೇಳಿ ಹೋದ ಬೇಕರಿ ಅಕ್ಕ ಮಾತ್ರ ಮತ್ತೆ ಬರಲಿಲ್ಲ. ದಿನ ಕಳೆದವು. ಅತ್ತೆ ಕೇಳಲಿಲ್ಲ. ಮನಸ್ಸು ಬದಲಾಯಿಸಿರಬೇಕು ಎಂದುಕೊಂಡಳು. ಬೇರೆಯವರು ಮನಸ್ಸು ಬದಲಾಯಿಸುವುದು ಅವಳಿಗೆ ಅಭ್ಯಾಸವಾಗಿತ್ತು.

ಅಷ್ಟರಲ್ಲಿ ಸಂಘದವರು ಅಜ್ಜನಿಗೆ ಸನ್ಮಾನ ಮಾಡುತ್ತೇವೆಂದರು. ಸಂಘದ ಹೊಸ ಕಟ್ಟಡದ ಬೋರ್ಡನ್ನು ಅಜ್ಜ ವೇದಿಕೆಯ ಮೇಲೆ, ಎಲ್ಲರೆದುರು ಬರೆಯಬೇಕು. ಕಾರ್ಯದರ್ಶಿ ಮನೆಗೆ ಬಂದು ಎಲ್ಲವನ್ನೂ ವಿವರಿಸಿದ. ಹೊರಡುವಾಗ ಅತ್ತೆಗೆ, "ನೀವು ಕಪ್ಪು ಬಟ್ಟೆ ಹಾಕ್ಕೊಂಡರೆ ಒಳ್ಳೇದು ಅಮ್ಮ. ಹಿಂದಿನ ಪರದೆ ಕಪ್ಪು. ಫೋಟೋದಲ್ಲಿ ಅಜ್ಜ ಎದ್ದು ಕಾಣ್ತಾರೆ" ಎಂದ. ಅಪ್ಪ ಅವಳಿಗೆ ಕಪ್ಪು ಬಟ್ಟೆಯನ್ನೂ ತಂದುಕೊಟ್ಟ. ಅವಳಿಗಾಗಿ ಅವನು ಏನಾದರೂ ತಂದದ್ದು ನಾನು ಕಂಡಂತೆ ಅದೇ ಮೊದಲು.

ಅವಳು ಅದನ್ನು ಹಾಕಿಕೊಂಡಳು. ಇದನ್ನೂ ಹೇಳಲೇಬೇಕು. ಅವಳು ಅಜ್ಜನ ಕೈ ಹಿಡಿಯುವ ಮನಸ್ಸಿನಿಂದಲೇ ಹೋದಳು.

ಸಭೆಗೆ ತಿಂಡಿ ಬಂದದ್ದು ಬೇಕರಿಯಿಂದ. ವೇದಿಕೆಯ ಪಕ್ಕದ ಕೋಣೆಯಲ್ಲಿ ಅತ್ತೆ ಅಜ್ಜನ ಕಾಲರು ಸರಿಮಾಡುತ್ತಿದ್ದಾಗ ಬೇಕರಿ ಅಕ್ಕ ತಟ್ಟೆಗಳನ್ನು ಹೊತ್ತುಕೊಂಡು ಬಂದಳು. ಅತ್ತೆಯನ್ನು ಕಂಡು ಮುಖ ಬೇರೆ ಕಡೆ ತಿರುಗಿಸಿದಳು.

ಅತ್ತೆ ಅವಳನ್ನು ಬಾಗಿಲ ಹತ್ತಿರ ತಡೆದಳು. "ಗೋಡೆ ಬೇಡ ಅನ್ನಿಸಿದರೆ ನೇರವಾಗಿ ಹೇಳಬಹುದಿತ್ತಲ್ಲಮ್ಮ."

"ನಾನೆಲ್ಲಿ ಬೇಡ ಅಂದೆ? ನೀವೇ ತಾನೆ ಆಗಲ್ಲ ಅಂದದ್ದು? ನಾನು ಫೋನ್ ಮಾಡಿದ್ದೆ. ನಿಮ್ಮ ಅಣ್ಣ ತೆಗೊಂಡರು. ಅವಳು ಅಪ್ಪನ್ನ ಬಿಟ್ಟು ಎಲ್ಲಿಗೂ ಬರಲ್ಲ ಅಂದರು."

"ಅಣ್ಣ ಅಂದನಾ?"

"ನಂಬಿಕೆ ಬರಲಿಲ್ಲ ಅಂತ ಮನೆಗೂ ಬಂದಿದ್ದೆ ಅಕ್ಕಾ. ನೀವು ಔಷಧಿ ಅಂಗಡಿಗೆ ಹೋಗಿದ್ರಿ. ಇವರೇ ಇದ್ದರು." ಅವಳು ಕುರ್ಚಿಯಲ್ಲಿ ಕೂತಿದ್ದ ಅಜ್ಜನ ಕಡೆ ಗಲ್ಲದಿಂದ ತೋರಿಸಿದಳು. "ಅವಳಿಗೆ ಸ್ವಂತ ಗೆರೆ ಇಲ್ಲಮ್ಮ, ನನ್ನ ಕೈ ಹಿಡ್ಕೊಂಡು ಕಲಿತವಳು, ಒಬ್ಬಳೇ ಬರೆದರೆ ನಿನ್ನ ಗೋಡೆ ಹಾಳಾಗತ್ತೆ ಅಂದರು."

ಅತ್ತೆ ಅಜ್ಜನ ಕಡೆ ತಿರುಗಿದಳು. ಅವನು ಪರದೆಯ ಕಡೆ ನೋಡುತ್ತಿದ್ದ.  ಅವಳು ಅವನ ಕಾಲರಿನ ಕೊನೆಯ ಗುಂಡಿ ಹಾಕಿದಳು. ಆಮೇಲೆ ಅವನನ್ನು ನಡೆಸಿಕೊಂಡು ವೇದಿಕೆಗೆ ಹತ್ತಿಸಿದಳು.

ಭಾಷಣಗಳಾದವು. ಕಾರ್ಯದರ್ಶಿ ಅತ್ತೆಯನ್ನು ಅಜ್ಜನ ಊರುಗೋಲು ಎಂದು ಕರೆದ. ಚಪ್ಪಾಳೆ ಬಿತ್ತು. ಬಿಳಿ ಬಣ್ಣ ಬಳಿದ ದೊಡ್ಡ ಹಲಗೆ ಮುಂದಿತ್ತು. ದಾರಕ್ಕೆ ಸೀಮೆಸುಣ್ಣ ಮೆತ್ತಿ ಹೊಡೆದ ಅಡ್ಡಗೆರೆಗಳೂ ಸಿದ್ಧವಾಗಿದ್ದವು. ಅವನ್ನು ಹೊಡೆದವಳೂ ಅವಳೇ. ಅಜ್ಜ ಕುಂಚವನ್ನು ನೀಲಿ ಬಣ್ಣದಲ್ಲಿ ಅದ್ದಿ, ಕೈ ಎತ್ತಿ, ಕಾದ. ದಿನಾ ಕಾಯುವ ಹಾಗೆಯೇ ಕಾದ. ಕೈ ನಡುಗುತ್ತಿತ್ತು. ಮೇಲಿಂದ ಇನ್ನೊಂದು ಕೈ ಬರಲಿಲ್ಲ.

"ಹಿಡಿ" ಎಂದ ಮೆಲ್ಲಗೆ. ಅವನ ಕಾಲರಿಗೆ ಒಂದು ಪುಟ್ಟ ಮೈಕು ಸಿಕ್ಕಿಸಿದ್ದರು. ಸಭೆಗೆಲ್ಲ ಕೇಳಿಸಿತು.

ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. "ಸ್ವಂತ ಗೆರೆ ಇಲ್ಲದವಳು ಏನು ಹಿಡೀಲಿ ಅಪ್ಪ? ನೀನೇ ಬರಿ."

ಅಪ್ಪ ಮೊದಲ ಸಾಲಿನಿಂದ ಅರ್ಧ ಎದ್ದು, "ಏಯ್, ಹಿಡಿಯೇ!" ಎಂದು ಹಲ್ಲು ಕಚ್ಚಿದ. ಅವಳು ಅವನ ಕಡೆ ನೋಡಲೂ ಇಲ್ಲ.

ಅಜ್ಜನ ಕಿವಿ ಕೆಂಪಾಯಿತು. "ಬರೀತೀನಿ. ನಿನ್ನ ಹಂಗೇನು ನನಗೆ?" ಎಂದು ಕುಂಚವನ್ನು ಹಲಗೆಗೆ ಒತ್ತಿದ. ಮೊದಲ ಅಕ್ಷರದ ಬಳುಕು ಗರಗಸದ ಹಲ್ಲಾಯಿತು. ನೀಲಿ ಬಣ್ಣ ಅಡ್ಡಗೆರೆ ದಾಟಿ ಕೆಳಗಿಳಿಯಿತು. ಅವನು ನಿಲ್ಲಿಸಿ ನೋಡಿದ. ಕುಂಚವನ್ನು ಬೆಳಕಿಗೆ ಹಿಡಿದ. "ಕುಂಚ..." ಎಂದ. ಅದು ಅವನು ದಿನಾ ಬಳಸುವ ಕುಂಚವೇ. 

ಆಗ ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಆ ಗೆರೆ ಸರಿಯೋ ತಪ್ಪೋ ಅವರಿಗೆ ಬೇಕಾಗಿರಲಿಲ್ಲ. ಯಾವತ್ತೂ ಬೇಕಾಗಿರಲಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಅವರು ನೋಡಲು ಬಂದದ್ದು ನಡುಕವನ್ನು.

ಅಜ್ಜ ಸಭೆಯ ಕಡೆ ತಿರುಗಿದ. ಅವನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ.

"ಯಾವನಯ್ಯ ಅವನು ಚಪ್ಪಾಳೆ ಹೊಡೆದವನು? ಕಣ್ಣಿಲ್ವಾ? ಇದು ಅಕ್ಷರವಾ? ಇಂಥದ್ದನ್ನ ಬರೆದವನ ಕೈಗೆ ನಾನಾಗಿದ್ದರೆ ಕುಂಚ ಕೊಡ್ತಿರಲಿಲ್ಲ. ನಿಲ್ಲಿಸ್ರಿ!"

ಚಪ್ಪಾಳೆ ನಿಂತಿತು. ಅವನು ಕುಂಚವನ್ನು ಅತ್ತೆಯ ಎದೆಗೆ ತಿವಿಯುವಂತೆ ಚಾಚಿದ. ಕಪ್ಪು ಬಟ್ಟೆಯ ಮೇಲೆ ನೀಲಿ ಮೆತ್ತಿಕೊಂಡಿತು. "ತಗೋ. ಬರಿ. ನೋಡೇಬಿಡೋಣ ನಿನ್ನ ಸ್ವಂತ ಗೆರೆ."

"ಇದು ನಿನ್ನ ಬೋರ್ಡು, ನಾನು ಮುಟ್ಟಲ್ಲ. ನನ್ನ ಗೆರೆ ನೋಡಬೇಕು ಅಂದರೆ ಬೇಕರಿ ಗೋಡೆ ಹತ್ತಿರ ಬಾ" ಎಂದಳು ಅತ್ತೆ. ಕುಂಚವನ್ನು ಅವಳು ಎಸೆಯಲಿಲ್ಲ. ಬಣ್ಣ ಒಣಗಿದರೆ ಕುಂಚ ಹಾಳು. ಅಲ್ಲೇ ವೇದಿಕೆಯ ಮೇಲೆ, ಎಲ್ಲರೂ ನೋಡುತ್ತಿರುವಾಗ, ಡಬ್ಬಿಯ ಸೀಮೆಎಣ್ಣೆಯಲ್ಲಿ ಅದನ್ನು ತೊಳೆದು, ಬಟ್ಟೆಗೆ ಒರೆಸಿ, ಜೋಡಿಸಿಟ್ಟಳು. ಆಮೇಲೆ ಅಜ್ಜನ ಮೊಣಕೈ ಹಿಡಿದು, "ಮೆಟ್ಟಿಲಿದೆ, ನೋಡ್ಕೊಂಡು ಕಾಲಿಡು" ಎಂದು ಇಳಿಸಿದಳು.

ಮನೆಯಲ್ಲಿ ಅಪ್ಪ ಚಪ್ಪಲಿ ಬಿಡುವುದಕ್ಕೂ ಕಾಯಲಿಲ್ಲ.

"ಅಪ್ಪನ ಮಾನ ಸಭೇಲಿ ಹರಾಜು ಹಾಕಿದೆಯಲ್ಲ!"

"ನನ್ನದನ್ನ ನೀನು ಫೋನಲ್ಲೇ ಹರಾಜು ಹಾಕಿದ್ದೆ ಅಣ್ಣ. ನಿನಗೆ ಸಭೆ ಕರೆಯೋ ಕಷ್ಟವೂ ಇರಲಿಲ್ಲ."

"ನಿನ್ನ ಒಳ್ಳೇದಕ್ಕೇ ಅಂದದ್ದು. ಈ ವಯಸ್ಸಲ್ಲಿ ಸಾರುವೆ ಹತ್ತಿ ಬಿದ್ದರೆ ಯಾರು ನೋಡ್ಕೋತಾರೆ?"

"ಯಾರನ್ನ? ನನ್ನನ್ನಾ, ಅಪ್ಪನ್ನಾ?"

 ಅತ್ತೆ ಒಳಗೆ ಹೋಗಿ ಬಟ್ಟೆ ಬದಲಾಯಿಸಿ ಬಂದಳು. ಆ ಕಪ್ಪು ಬಟ್ಟೆ ನೆಲ ಒರೆಸುವ ಕೋಲಿನ ಪಕ್ಕಕ್ಕೆ ಸೇರಿತು.

"ನಾಳೆಯಿಂದ ನಾನು ಬೇಕರಿ ಗೋಡೆಗೆ ಹೋಗ್ತೀನಿ. ಹಗಲು ನೀನು ಮನೇಲಿರು."

"ನಾನು ರಜೆ ಹಾಕಬೇಕಾ?"

"ನೀನು ನನಗೆ ಹಾಕಿಸಿದ ರಜೆ ಇನ್ನೂ ಮುಗಿದಿಲ್ಲ. ನೀನೂ ಒಂದಿಷ್ಟು ಹಾಕು, ಹೇಗಿರತ್ತೆ ನೋಡು."

ಅಜ್ಜ ಅವಳೊಂದಿಗೆ ಮಾತು ಬಿಟ್ಟ. ರಾತ್ರಿ ಊಟಕ್ಕೆ ಅವಳು ಎಂದಿನಂತೆ ಚಮಚವನ್ನು ಅವನ ಮುಷ್ಟಿಯಲ್ಲಿಟ್ಟು ಮೇಲೆ ತನ್ನ ಕೈಯಿಟ್ಟಾಗ ಅವನು ಕೈ ಕೊಡವಿದ. "ಇದಕ್ಕೆ ಹಿಡೀತೀನಿ ಅಪ್ಪ. ಸಾಯೋ ತನಕ ಹಿಡೀತೀನಿ. ಕುಂಚಕ್ಕೆ ಹಿಡಿಯಲ್ಲ" ಎಂದಳು. ಅವನು ಗೋಡೆ ನೋಡುತ್ತ ಬಾಯಿ ತೆರೆದ.

ಬೆಳಗ್ಗೆ ಅವಳು ಹೋದ ಮೇಲೆ ಅಪ್ಪ ಅಜ್ಜನ ಗಡ್ಡ ತೆಗೆಯಲು ಕೂತ. "ಮುಖ ಕೆರೀತಿದೀಯೋ, ಗೋಡೆ ಕೆರೀತಿದೀಯೋ?" ಎಂದು ಅಜ್ಜ ಬೈಯತೊಡಗಿದ. ಅಂಗಿಯ ಗುಂಡಿ ಒಂದು ಮನೆ ತಪ್ಪಿತು. ಊಟಕ್ಕೆ ಮುಷ್ಟಿ ಹಿಡಿಯಲು ಹೋದರೆ ಅಪ್ಪನ ಕೈ ನಡುಕದ ಏರಿಳಿತಕ್ಕೆ ಸಿಗಲೇ ಇಲ್ಲ. ಇಬ್ಬರ ಅಂಗಿಯ ಮೇಲೂ ಅನ್ನ. ಅಮ್ಮ ಆಫೀಸಿನಿಂದ ಬಂದು ನೋಡಿ, ಬಾಗಿಲಲ್ಲೇ ನಿಂತು ನಕ್ಕಳು. ಆ ನಗುವಿನಲ್ಲಿ ಕರುಣೆಯೇನೂ ಇರಲಿಲ್ಲ. ಕೆಲವು ದಿನ ಹೀಗೇ ನಡೆಯಿತು. ಕೊನೆಗೊಂದು ದಿನ ಅಪ್ಪ ಸೋತು, ಅಜ್ಜನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬೇಕರಿಯ ಮುಂದಕ್ಕೆ ತಳ್ಳಿಕೊಂಡು ಹೋದ. ನಾನೂ ಹೋದೆ.

"ತಗೋ ನಿನ್ನ ಅಪ್ಪನ್ನ!" ಎಂದು ಕೆಳಗಿನಿಂದ ಕೂಗಿದ.

"ನಿನಗೂ ಅಪ್ಪನೇ ಅವನು" ಎಂದಳು ಅತ್ತೆ ಸಾರುವೆಯ ಮೇಲಿನಿಂದ. "ಆ ಮರದ ನೆರಳಲ್ಲಿ ಕೂರಿಸು. ನೀನೂ ಕೂತ್ಕೋ."

ನಾನು ತಲೆಯೆತ್ತಿ ನೋಡಿದೆ. ಮೊದಲು ಏನೂ ಅರ್ಥವಾಗಲಿಲ್ಲ, ಬರೀ ಕಂದು, ಕೆಂಪು, ಹಿಟ್ಟಿನ ಬಿಳಿ. ರಸ್ತೆ ದಾಟಿ ಆಚೆ ಮರದ ಕೆಳಗೆ ನಿಂತು ತಿರುಗಿದಾಗ ಕೈಗಳು ಕಂಡವು. ನೆಲದಿಂದ ಸೂರಿನವರೆಗೆ ಎರಡು ಕೈ. ಹಿಟ್ಟಿನೊಳಗೆ ಇಳಿದ ಬೆರಳುಗಳು, ಉಬ್ಬಿದ ನರ, ಮಣಿಕಟ್ಟಿನ ಮೇಲೆ ಸುಟ್ಟ ಗೆರೆಗಳು. ಒಂದೊಂದು ಗೆರೆಯೂ ಒಬ್ಬಾಳುದ್ದ. ಒಂದೇ ಉಸಿರಿನಲ್ಲಿ ಎಳೆದ ಗೆರೆಗಳು. ಎಲ್ಲೂ ನಿಂತಿಲ್ಲ, ಎಲ್ಲೂ ಕಾದಿಲ್ಲ. ತಾರಸಿಯ ಮೇಲೆ ಒಣಗಿಹೋದದ್ದೆಲ್ಲ ಇಲ್ಲಿ ಬಂದು ನಿಂತಿತ್ತು.

ಅಜ್ಜ ಬಹಳ ಹೊತ್ತು ನೋಡಿದ. "ಹೆಬ್ಬೆರಳು ದಪ್ಪ ಆಯಿತು" ಎಂದ. ಮೇಲೆ ಅತ್ತೆ ಕುಂಚ ಅದ್ದಿಕೊಂಡಳು. "ಮೀನು ಎಲ್ಲಿ?" ಎಂದ. ಅವಳು ಮುಂದಿನ ಗೆರೆ ಎಳೆದಳು.

ಮಧ್ಯಾಹ್ನದ ಹೊತ್ತಿಗೆ ಕಾರ್ಯದರ್ಶಿ ಬಂದ. ಅವನಿಗೆ ನಾಚಿಕೆ ಎಂಬುದನ್ನು ಯಾರೂ ಕಲಿಸಿರಲಿಲ್ಲ. ಫೋನ್ ತೆಗೆದು, ಗೋಡೆ ನೋಡಿ, "ಅದ್ಭುತ!" ಎಂದು, ಕೆಳಗಿದ್ದ ಒಂದು ಕುಂಚ ಎತ್ತಿಕೊಂಡು ಅಜ್ಜನ ಹತ್ತಿರ ಬಂದ.

"ಆವತ್ತು ಆದದ್ದು ಆಗಿಹೋಯಿತು ಬಿಡಿ ಅಜ್ಜ. ಈ ಕುಂಚ ಹಿಡ್ಕೊಂಡು ಗೋಡೆ ಮುಂದೆ ಹೀಗೆ ಕೂತ್ಕೊಳ್ಳಿ. ಒಂದೇ ಒಂದು ಫೋಟೋ. ನಿಮ್ಮದೇ ಕಲ್ಪನೆ, ಮಗಳು ಬಣ್ಣ ತುಂಬಿದಳು ಅಂತ ಹಾಕ್ತೀನಿ. ಎಲ್ಲರ ಮರ್ಯಾದೇನೂ ಉಳಿಯತ್ತೆ."

ಅಪ್ಪ ಅಜ್ಜನ ಮುಖ ನೋಡಿದ. ಸಾರುವೆಯ ಮೇಲೆ ಅತ್ತೆಯ ಕೈ ನಿಂತಿತು. ಅವಳು ತಿರುಗಲಿಲ್ಲ. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

ಅಜ್ಜ ಕುಂಚ ತೆಗೆದುಕೊಂಡ. ಅದು ಅವನ ಕೈಯಲ್ಲಿ ಗಡಗಡ ನಡುಗಿತು. ಅವನು ಅದನ್ನು ಕಾರ್ಯದರ್ಶಿಯ ಕಾಲ ಬುಡಕ್ಕೆ ಎಸೆದ.

"ಇಂಥ ದಪ್ಪ ಹೆಬ್ಬೆರಳು ನಾನು ಬರೀತೀನೇನಯ್ಯ? ನನ್ನ ಜನ್ಮದಲ್ಲಿ ಬರೆದಿಲ್ಲ. ನನ್ನದಲ್ಲ ಇದು, ಅವಳದ್ದು! ಪೂರ್ತಿ ಅವಳದ್ದು. ನನ್ನ ತಲೆಗೆ ಕಟ್ಟಬೇಡ."

ಅತ್ತೆ ನಿಧಾನವಾಗಿ ತಿರುಗಿದಳು. "ಏನಂದೆ ಅಪ್ಪ?"

"ಹೆಬ್ಬೆರಳು ದಪ್ಪ ಅಂದೆ."

"ಅದಲ್ಲ. ಆಮೇಲೆ ಅಂದದ್ದು."

"ಕಿವಿ ಕೇಳಲ್ವಾ ನಿನಗೆ? ಒಂದೊಂದನ್ನೂ ಎರಡೆರಡು ಸಲ ಹೇಳಬೇಕಾ? ಹಸಿವಾಗ್ತಿದೆ, ಇಳಿದು ಬಾ."

"ಇರು. ಇನ್ನೊಂದು ಕೆಲಸ ಇದೆ" ಎಂದು ಗೋಡೆಗೆ ತಿರುಗಿ ಕಪ್ಪು ಚುಕ್ಕೆ ಇಡತೊಡಗಿದಳು. ಬೇಕರಿ ಅಕ್ಕ ಅಂಗಡಿಯಿಂದ ಹೊರಗೆ ಬಂದು ಮೇಲೆ ನೋಡಿ, ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ಅಕ್ಕಾ, ಬೇಕರಿ ಗೋಡೆಗೆ ಇರುವೇನಾ? ಗಿರಾಕಿಗಳು ಓಡಿಹೋಗ್ತಾರೆ!"

"ಕೆಟ್ಟ ತಿಂಡಿ ಇದ್ದ ಕಡೆ ಇರುವೆ ಬರಲ್ಲ. ಹೋಗಿ ಗಲ್ಲಾ ನೋಡ್ಕೋ."

ಹೆಬ್ಬೆರಳನ್ನು ಅವಳು ತಿದ್ದಲಿಲ್ಲ. ಅದು ದಪ್ಪವೇ ಇದೆ. ಆ ಹೆಬ್ಬೆರಳಿನ ಉಗುರಿನ ಮೇಲೆಯೇ ಅವಳು ಇರುವೆ ಬರೆದಳು. ಮೂರು ಚುಕ್ಕೆ, ಆರು ಕಾಲು. ಒಂದೊಂದು ಚುಕ್ಕೆಯೂ ಊಟದ ತಟ್ಟೆಯಷ್ಟು ದೊಡ್ಡದು, ರಸ್ತೆಯ ಆಚೆಯಿಂದಲೂ ಕಾಣುವಷ್ಟು ದೊಡ್ಡದು.